ತಂಪಿನ ಇಡುಗಂಟು

(ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ವಿಷಯ ಏನೆಂದು ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದಾಗ "ಲಾರಿಯಲ್ಲಿ ತಂಪು" ಎಂದಿದ್ದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ದತ್ತಿ ಉಪನ್ಯಾಸ ಅಲ್ವಾ ಸಾರ್, ಸ್ವಲ್ಪ ತೂಕ ಇರಲಿ" ಎಂದರು. ಹಾಗಾಗಿ ಆಹ್ವಾನ ಪತ್ರಿಕೆಯಲ್ಲಿ "ಆಹಾರ ಸಾಗಣೆಯಲ್ಲಿ ವಿದ್ಯುತ್ ಶೈತ್ಯೀಕರಣ" ಎಂದು ಅಚ್ಚಾಗಿದೆ. ಶೈತ್ಯೀಕರಣ ಎಂಬ ಪದವನ್ನು ಆ ಗಾಡಿ ಓಡಿಸುವ ಯಾವ ಡ್ರೈವರನ ಬಾಯಲ್ಲೂ ನಾನು ಕೇಳಿಲ್ಲ. ಅವರಿಗೆ ಅದು ರೀಫರ್ ಗಾಡಿ, ಇಲ್ಲವೇ ಫ್ರೀಜರ್ ಗಾಡಿ. ಯಂತ್ರವಿಲ್ಲದೆ ದಪ್ಪ ಗೋಡೆಯ ಪೆಟ್ಟಿಗೆಯಷ್ಟೇ ಇದ್ದರೆ ಪಫ್ ಬಾಡಿ. ಇವತ್ತು ನಾನೂ ಅವರ ಮಾತನ್ನೇ ಆಡುತ್ತೇನೆ.

ದತ್ತಿ ಎಂದರೆ ಏನು? ಯಾರೋ ಒಬ್ಬರು ದುಡಿದ ಕಾಲದಲ್ಲಿ ಒಂದು ಇಡುಗಂಟನ್ನು ತೆಗೆದಿಟ್ಟರು. ಅವರಿಲ್ಲದ ಕಾಲದಲ್ಲೂ ಅದರ ಬಲದಿಂದ ವರ್ಷಕ್ಕೊಮ್ಮೆ ಈ ವೇದಿಕೆ ಏರ್ಪಡುತ್ತದೆ. ನಾನು ಹೇಳಬೇಕೆಂದಿರುವ ವಾದವೂ ಇಡುಗಂಟಿನದೇ. ಲಾರಿ ಹೊರಡುವ ಮೊದಲೇ ತಂಪನ್ನು ಗಂಟು ಕಟ್ಟಿಕೊಂಡಿರಬೇಕು. ದಾರಿಯಲ್ಲಿ ದುಡಿದುಕೊಂಡು ತಿನ್ನುತ್ತೇನೆ ಎಂದು ಹೊರಟ ಲಾರಿ ಮಾಲು ಕೆಡಿಸುತ್ತದೆ, ಇಲ್ಲವೇ ಡೀಸೆಲ್ ಕುಡಿಯುತ್ತದೆ, ಹೆಚ್ಚಿನ ಸಲ ಎರಡನ್ನೂ ಮಾಡುತ್ತದೆ. ಒಂದೇ ವ್ಯತ್ಯಾಸ: ದತ್ತಿಯ ಗಂಟನ್ನು ಮುಟ್ಟಬಾರದು, ತಂಪಿನ ಗಂಟನ್ನು ಊರು ಸೇರುವಷ್ಟರಲ್ಲಿ ಖರ್ಚು ಮಾಡಿ ಮುಗಿಸಬೇಕು.

ದಾರಿಯಲ್ಲೇ ದುಡಿಯುವ ಯಂತ್ರ ಎಲ್ಲಿಂದ ಬಂತು ಎಂಬ ಕತೆಯಿಂದ ಶುರು ಮಾಡುತ್ತೇನೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜೋಸೆಫ್ ನ್ಯೂಮೆರೊ ಎಂಬ ವ್ಯಾಪಾರಿ ಸಿನಿಮಾ ಮಂದಿರಗಳಿಗೆ ಧ್ವನಿ ಉಪಕರಣ ಮಾರುತ್ತಿದ್ದ. ಅವನಲ್ಲಿ ಫ್ರೆಡರಿಕ್ ಮ್ಯಾಕಿನ್ಲಿ ಜೋನ್ಸ್ ಎಂಬ ಕರಿಯ ಜನಾಂಗದ ಮೆಕ್ಯಾನಿಕ್ ಕೆಲಸಕ್ಕಿದ್ದ. ಜೋನ್ಸ್ ಹುಟ್ಟಿದ್ದು 1893ರಲ್ಲಿ. ಚಿಕ್ಕಂದಿನಲ್ಲೇ ಅನಾಥನಾದ. ಶಾಲೆಯ ಓದು ಬಾಲ್ಯದಲ್ಲೇ ನಿಂತಿತು. ಕಾರು ಬಿಚ್ಚಿ ಜೋಡಿಸುವುದು, ರೇಡಿಯೊ ಕಟ್ಟುವುದು, ಮೂಕಿ ಚಿತ್ರದ ಯಂತ್ರಕ್ಕೆ ಮಾತು ಬರಿಸುವುದು, ಎಲ್ಲವನ್ನೂ ಕೈಯಿಂದಲೇ ಕಲಿತ. ಗಾಲ್ಫ್ ಆಡುವಾಗ ಲಾರಿ ಮಾಲೀಕನೊಬ್ಬ ನ್ಯೂಮೆರೊ ಎದುರು ಗೋಳು ತೋಡಿಕೊಂಡನಂತೆ: ಬಿಸಿಲಿಗೆ ಐಸ್ ಕರಗಿ ಒಂದು ಲೋಡು ಕೋಳಿಮಾಂಸ ಹಾಳಾಯಿತು ಎಂದು. ನ್ಯೂಮೆರೊ ತಮಾಷೆಗೆ ಏನೋ ಭರವಸೆ ಕೊಟ್ಟ. ಕೊಟ್ಟ ಮಾತು ಜೋನ್ಸನ ತಲೆಯ ಮೇಲೆ ಬಿತ್ತು. 1938ರಲ್ಲಿ ಯಂತ್ರ ತಯಾರಾಯಿತು. ಅದಕ್ಕಾಗಿ ಕಟ್ಟಿದ ಕಂಪನಿಯೇ ಮುಂದೆ ಥರ್ಮೋ ಕಿಂಗ್ ಎಂದು ಹೆಸರಾಯಿತು.

ಅದಕ್ಕೂ ಮುಂಚೆ ಲಾರಿಯಲ್ಲಿ ಯಂತ್ರ ಕೂರಿಸಲು ನೋಡಿದವರಿದ್ದರು. ರಸ್ತೆಯ ಕುಲುಕಾಟಕ್ಕೆ ಕೊಳವೆಗಳು ಬಿರುಕು ಬಿಡುತ್ತಿದ್ದವು. ಜೋನ್ಸನ ಜಾಣ್ಮೆ ಇದ್ದದ್ದು ಆ ಕುಲುಕಾಟವನ್ನು ತಾಳುವ, ತಾನಾಗಿಯೇ ಶುರುವಾಗಿ ತಾನಾಗಿಯೇ ನಿಲ್ಲುವ ಯಂತ್ರ ಮಾಡಿದ್ದರಲ್ಲಿ. ಮೊದಲ ಮಾದರಿಯನ್ನು ಗಾಡಿಯ ಅಡಿಗೆ ಕಟ್ಟಿದ. ರಸ್ತೆಯ ಕೆಸರೆಲ್ಲ ಅದಕ್ಕೇ ಬಡಿಯಿತು. ಆಮೇಲೆ ಪೆಟ್ಟಿಗೆಯ ಮುಂಭಾಗದಲ್ಲಿ, ಡ್ರೈವರನ ತಲೆಯ ಮೇಲಕ್ಕೆ ಏರಿಸಿದ. ಇವತ್ತಿಗೂ ರೀಫರ್ ಗಾಡಿಯ ಯಂತ್ರ ಅಲ್ಲೇ ಇದೆ. ಅವನ ಹೆಸರಲ್ಲಿ 60ಕ್ಕೂ ಹೆಚ್ಚು ಪೇಟೆಂಟುಗಳಿವೆ. ತೀರಿಕೊಂಡದ್ದು 1961ರಲ್ಲಿ, ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂದದ್ದು 1991ರಲ್ಲಿ. ಮೂವತ್ತು ವರ್ಷ ತಡ. ಅಷ್ಟರಲ್ಲಿ ಅವನ ಯಂತ್ರದ ಸಂತತಿ ಇಡೀ ಭೂಮಂಡಲ ಸುತ್ತಿತ್ತು.

ಈಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಜೋನ್ಸನಿಗೆ ವಿದ್ಯುತ್ತು ಚೆನ್ನಾಗಿ ಗೊತ್ತಿತ್ತು, ರೇಡಿಯೊ ಕಟ್ಟಿದವನು. ಆದರೂ ತಂಪಿನ ಯಂತ್ರಕ್ಕೆ ಪ್ರತ್ಯೇಕ ಪೆಟ್ರೋಲ್ ಎಂಜಿನ್ ಯಾಕೆ ಇಟ್ಟ? ಆ ಕಾಲದ ಗಾಡಿಗಳ ಬ್ಯಾಟರಿ 6 ವೋಲ್ಟಿನದು. ಕಂಪ್ರೆಸರಿಗೆ 3 ಕಿಲೋವಾಟ್ ಬೇಕು ಎಂದುಕೊಳ್ಳಿ. 6 ವೋಲ್ಟಿನಲ್ಲಿ ಅದು 500 ಆಂಪಿಯರ್. ಅಷ್ಟು ಕರೆಂಟು ಹರಿಸಲು ಹೆಬ್ಬೆರಳು ದಪ್ಪದ ತಾಮ್ರದ ಕಂಬಿ ಬೇಕು, ಬ್ಯಾಟರಿ ನಿಮಿಷಗಳಲ್ಲಿ ಸುಸ್ತಾಗುತ್ತದೆ. ನಮ್ಮ ಲಾರಿಗಳ 24 ವೋಲ್ಟಿನಲ್ಲೂ 125 ಆಂಪಿಯರ್. ಆದರೆ ಎಲೆಕ್ಟ್ರಿಕ್ ಲಾರಿಯ ಬ್ಯಾಟರಿ 400 ವೋಲ್ಟಿನದಾದರೆ ಬರೀ ಏಳೂವರೆ ಆಂಪಿಯರ್, ನಿಮ್ಮ ಮನೆಯ ಗೀಸರಿಗಿಂತ ಕಡಿಮೆ. ಎಂಬತ್ತು ವರ್ಷ ತಂಪಿನ ಯಂತ್ರ ಎಂಜಿನ್ನಿಗೆ ಕಟ್ಟುಬಿದ್ದದ್ದು ಈ ವೋಲ್ಟೇಜಿನ ಬಡತನದಿಂದ. ಆ ಬಡತನ ಈಗ ತೀರುತ್ತಿದೆ.

ಸಮುದ್ರಕ್ಕೆ ಈ ಬಡತನ ಇರಲಿಲ್ಲ. ಹಡಗೇ ಒಂದು ವಿದ್ಯುತ್ ಕೇಂದ್ರ. ಹಾಗಾಗಿ ಸಿಗಡಿ, ದ್ರಾಕ್ಷಿ ಹೊತ್ತ ರೀಫರ್ ಕಂಟೈನರುಗಳು ಬಹಳ ಹಿಂದಿನಿಂದಲೇ ತ್ರೀ ಫೇಸ್ ಕರೆಂಟಿನಲ್ಲಿ ಓಡುತ್ತಿವೆ. ಹಡಗಿನಲ್ಲಿ ಪ್ಲಗ್ಗು, ಬಂದರಿನ ಯಾರ್ಡಿನಲ್ಲೂ ಪ್ಲಗ್ಗು. ಬಂದರಿನ ಗೇಟು ದಾಟಿ ರಸ್ತೆಗೆ ಇಳಿದ ತಕ್ಷಣ ಪ್ಲಗ್ಗು ಇಲ್ಲ. ಅದೇ ಕಂಟೈನರಿನ ಮೂತಿಗೆ ಒಂದು ಡೀಸೆಲ್ ಜನರೇಟರ್ ನೇತುಹಾಕಿ ಕಳಿಸುತ್ತಾರೆ. ಸಾವಿರಾರು ಮೈಲಿ ಕರೆಂಟಿನಲ್ಲಿ ಬಂದ ಸರಕು ಕೊನೆಯ ಕೆಲವು ನೂರು ಕಿಲೋಮೀಟರಿಗೆ ಹೊಗೆ ಉಗುಳುತ್ತದೆ.

ಇನ್ನು ನನ್ನದೇ ಒಂದು ಪ್ರಸಂಗ. 1990ರ ದಶಕದಲ್ಲಿ ಒಂದು ಖಾಸಗಿ ಕಂಪನಿಯ ರೀಫರ್ ಗಾಡಿಗಳ ದೂರು ಪರಿಶೀಲಿಸಲು ನನ್ನನ್ನು ಕರೆಸಿದ್ದರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಬೆಣ್ಣೆ, ಚೀಸಿನ ಲೋಡು ಮೆತ್ತಗಾಗಿ ತಲುಪುತ್ತಿದೆ, ಯಂತ್ರ ಕೆಟ್ಟಿದೆ ನೋಡಿ ಎಂದರು. ಯಂತ್ರ ಸರಿಯಾಗಿಯೇ ಇತ್ತು. ಆಗ ಉಷ್ಣತೆ ದಾಖಲಿಸಲು ದುಂಡನೆಯ ಕಾಗದದ ಬಿಲ್ಲೆ ಇರುತ್ತಿತ್ತು. ಅದರ ಮೇಲೆ ಮುಳ್ಳು ಗೆರೆ ಎಳೆಯುತ್ತಾ ಹೋಗುತ್ತದೆ. ನಾಲ್ಕಾರು ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ರಾತ್ರಿ ಗಾಡಿ ಶಿರಾ ದಾಟುವ ಹೊತ್ತಿಗೆ ಗೆರೆ ಏರಲು ಶುರು, ಬೆಳಗಿನ ಜಾವ ಹಾವೇರಿ ಹತ್ತಿರ ದಿಢೀರನೆ ಇಳಿತ. ಎಲ್ಲ ಬಿಲ್ಲೆಗಳಲ್ಲೂ ಅದೇ ಗೂನು.

ಡ್ರೈವರನನ್ನು ಕೂರಿಸಿಕೊಂಡು ಚಹಾ ತರಿಸಿ, "ಏನಪ್ಪಾ ಇದು?" ಎಂದೆ. ಅವನು ಮುಚ್ಚಿಡಲಿಲ್ಲ. "ರಾತ್ರಿ ಹೊರಗೇ ತಂಪಿತ್ತಲ್ಲ ಸಾರ್, ಒಳಗ್ಯಾಕೆ ಮಷೀನು ಅಂತ ಆಫ್ ಮಾಡ್ದೆ. ಓನರು ಟ್ರಿಪ್ಪಿಗೆ ಇಷ್ಟೇ ಡೀಸೆಲ್ ಅಂತ ಲೆಕ್ಕ ಹಾಕಿ ಕೊಡ್ತಾರೆ. ಉಳಿದದ್ದು ನಂಗೆ ಬಾಟಾ." ಅವನನ್ನು ತೆಗೆದುಹಾಕಬೇಡಿ ಎಂದು ವರದಿಯಲ್ಲಿ ಬರೆದೆ. ಬೆಣ್ಣೆಯ ತಂಪು ಮತ್ತು ಡ್ರೈವರನ ಮಗನ ಸ್ಕೂಲ್ ಫೀಸು ಒಂದೇ ಟ್ಯಾಂಕಿನಲ್ಲಿ ಇದ್ದವು. ಯಾವುದು ಗೆಲ್ಲುತ್ತದೆಂದು ಹೇಳಲು ಎಂಜಿನಿಯರ್ ಬೇಕಿಲ್ಲ.

ಇದೇ ಗೂನು ಎಲೆಕ್ಟ್ರಿಕ್ ಲಾರಿಯಲ್ಲೂ ಬರಬಹುದು ಎಂಬುದನ್ನು ಮರೆಯಬಾರದು. ಗಾಲಿಗೂ ತಂಪಿಗೂ ಒಂದೇ ಬ್ಯಾಟರಿ ಇಟ್ಟರೆ, ಊರು ಇನ್ನೂ 40 ಕಿಲೋಮೀಟರ್ ಇರುವಾಗ ಚಾರ್ಜು ಕೆಂಪಿಗೆ ಬಂದರೆ, ಡ್ರೈವರ್ ಮೊದಲು ಆಫ್ ಮಾಡುವುದು ಏನನ್ನು? ಹಾಗಾಗಿ ಡೀಸೆಲ್ ತೆಗೆದು ಬ್ಯಾಟರಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ತಂಪು ಎಷ್ಟು ಬೇಕು, ಯಾವಾಗ ಬೇಕು, ಎಲ್ಲಿ ತುಂಬಬೇಕು ಎಂಬ ಲೆಕ್ಕವನ್ನೇ ಹೊಸದಾಗಿ ಹಾಕಬೇಕು. ಡೀಸೆಲ್ ಧಾರಾಳವಾಗಿದ್ದಾಗ ಆ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.

ಲೆಕ್ಕ ಹಾಕೋಣ. ಕರಿಹಲಗೆ ಇಲ್ಲ, ಬೆರಳೆಣಿಕೆ ಸಾಕು. ಮಾಲೂರಿನ ಕಡೆಯಿಂದ ಚೆನ್ನೈನ ಕೊಯಂಬೇಡು ಮಾರುಕಟ್ಟೆಗೆ 5 ಟನ್ ಹುರುಳಿಕಾಯಿ, ಅಂದರೆ ಬೀನ್ಸು, ಹೊರಟಿದೆ. ತೋಟದಿಂದ ಬಂದಾಗ ಕಾಯಿಯ ಬಿಸಿ 30 ಡಿಗ್ರಿ. ಅದನ್ನು 8 ಡಿಗ್ರಿಗೆ ಇಳಿಸಬೇಕು. ಒಂದು ಕಿಲೋ ತರಕಾರಿಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 4 ಕಿಲೋಜೂಲ್ ಶಾಖ ತೆಗೆಯಬೇಕು, ತರಕಾರಿ ಬಹುಪಾಲು ನೀರೇ ತಾನೆ. 5,000 ಕಿಲೋ, 22 ಡಿಗ್ರಿ: ಒಟ್ಟು 440 ಮೆಗಾಜೂಲ್. ಕರೆಂಟು ಬಿಲ್ಲಿನ ಭಾಷೆಯಲ್ಲಿ ಸುಮಾರು 122 ಯೂನಿಟ್ ಶಾಖ.

ಈಗ ಎರಡನೆಯ ಲೆಕ್ಕ. ಕಾಯಿ ಆಗಲೇ 8 ಡಿಗ್ರಿಗೆ ಇಳಿದಿದೆ, ಎಂಟು ಗಂಟೆಯ ದಾರಿಯಲ್ಲಿ ಹಾಗೇ ಕಾಯಬೇಕು ಅಷ್ಟೆ. ಪೆಟ್ಟಿಗೆಯ ಗೋಡೆ, ಮಾಳಿಗೆ, ತಳ ಸೇರಿ 58 ಚದರ ಮೀಟರ್. ಒಳ್ಳೆಯ ಪಫ್ ಗೋಡೆಯಾದರೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 0.4 ವಾಟ್ ನುಸುಳುತ್ತದೆ. ಶೀತಲ ಸಾಗಣೆಯ ಬಗ್ಗೆ 1970ರಲ್ಲಿ ಜಿನೀವಾದಲ್ಲಾದ ಒಪ್ಪಂದ ದಪ್ಪ ಗೋಡೆಯ ಗಾಡಿಗೆ ಹಾಕಿದ ಮಿತಿಯೂ ಇದೇ. ಹೊರಗೆ ಒಳಗೆ 30 ಡಿಗ್ರಿ ವ್ಯತ್ಯಾಸ ಹಿಡಿದರೂ 700 ವಾಟ್. ಬಾಗಿಲ ಸಂದುಗೊಂದಿ ಸೇರಿಸಿ ಒಂದು ಕಿಲೋವಾಟ್ ಅನ್ನಿ. ಇದಕ್ಕೆ ಕಾಯಿಯ ಉಸಿರಾಟದ ಶಾಖ ಸೇರಿಸಬೇಕು, ಕೊಯ್ದ ಮೇಲೂ ತರಕಾರಿ ಉಸಿರಾಡುತ್ತದೆ. ಎಲ್ಲ ಕೂಡಿ ಎಂಟು ಗಂಟೆಗೆ ಸುಮಾರು 14 ಯೂನಿಟ್ ಶಾಖ. ಮೊದಲನೆಯದು 122, ಎರಡನೆಯದು 14.

ಇಳಿಸುವ ಕೆಲಸ ಬೇರೆ, ಕಾಯುವ ಕೆಲಸ ಬೇರೆ. ಲಾರಿಯ ಯಂತ್ರವನ್ನು ಕಟ್ಟಿರುವುದು ಕಾಯಲು. ನಾವು ಅದಕ್ಕೆ ಇಳಿಸುವ ಕೆಲಸ ಹಚ್ಚುತ್ತೇವೆ. ಬಿಸಿ ಕಾಯಿಯನ್ನು ಗೋಣಿಚೀಲದಲ್ಲಿ ಒತ್ತೊತ್ತಾಗಿ ತುಂಬಿ, ಬಾಗಿಲು ಹಾಕಿ, ಯಂತ್ರ ಚಾಲೂ ಮಾಡಿ ಕಳಿಸುತ್ತೇವೆ. ಯಂತ್ರದ ಗಾಳಿ ಚೀಲದ ಹೊರಮೈ ಸವರಿಕೊಂಡು ಹೋಗುತ್ತದೆ, ಒಳಗಿನ ಕಾಯಿಗೆ ಮುಟ್ಟುವುದೇ ಇಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. 30 ಡಿಗ್ರಿಯಲ್ಲಿ 5 ಟನ್ ಬೀನ್ಸು ತಾನೇ ಮೂರು ಇಸ್ತ್ರಿಪೆಟ್ಟಿಗೆಯಷ್ಟು ಕಾವು ಹೊಮ್ಮಿಸುತ್ತಾ ಕೂತಿರುತ್ತದೆ. ಒಳಗೆ ಮೂರು ಇಸ್ತ್ರಿಪೆಟ್ಟಿಗೆ ಉರಿಯುತ್ತಿರುವ ಫ್ರಿಜ್ಜನ್ನು ಯಾರಾದರೂ ಕೊಳ್ಳುತ್ತಾರೆಯೇ?

ಈ 14 ಯೂನಿಟ್ ಶಾಖ ತೆಗೆಯಲು ಸಾಧಾರಣ ಯಂತ್ರಕ್ಕೆ 7 ಯೂನಿಟ್ ಕರೆಂಟು ಸಾಕು. ಯಂತ್ರ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ ಅಷ್ಟೆ. ಒಂದು ಯೂನಿಟ್ ತಿಂದು ಎರಡು ಯೂನಿಟ್ ಶಾಖ ಹೊರುವ ಹಮಾಲ ಅದು. ತಡೆ, ಟ್ರಾಫಿಕ್ಕು, ಬಾಗಿಲು ತೆರೆಯುವುದು ಎಲ್ಲಕ್ಕೂ ಸೇರಿಸಿ 15 ಯೂನಿಟ್ ಬ್ಯಾಟರಿ ಇಟ್ಟರೂ ಅದರ ತೂಕ ಒಂದು ಕ್ವಿಂಟಲಿನ ಆಸುಪಾಸು. ಎಲೆಕ್ಟ್ರಿಕ್ ರೀಫರ್ ನಮ್ಮಲ್ಲಿ ಆಗದ ಮಾತು ಎನ್ನುವವರು ಬಿಸಿ ಕಾಯಿಯ ಲೆಕ್ಕ ಹಾಕಿ ಆ ತೀರ್ಮಾನಕ್ಕೆ ಬಂದಿರುತ್ತಾರೆ. ಆ ಲೆಕ್ಕದಲ್ಲಿ ಅವರು ಹೇಳುವುದು ಸರಿ.

ಕಾಯುವುದನ್ನೂ ಇಳಿಸುವುದನ್ನೂ ಬೇರೆ ಮಾಡಿ ಗೆದ್ದ ಒಂದು ವ್ಯವಸ್ಥೆ ನಮ್ಮ ಕಣ್ಣೆದುರೇ ಇದೆ, ದಿನವೂ ನೋಡುತ್ತೇವೆ. ಹಾಲಿನ ಟ್ಯಾಂಕರ್. ಕರೆದ ಹಾಲು ಹಸುವಿನ ಮೈ ಬಿಸಿಯಲ್ಲೇ ಡೇರಿಗೆ ಬರುತ್ತದೆ. ಹಳ್ಳಿಯಲ್ಲಿರುವ ಬಲ್ಕ್ ಮಿಲ್ಕ್ ಕೂಲರಿನಲ್ಲಿ, ಕಂಬದಿಂದ ಬಂದ ಕರೆಂಟಿನಲ್ಲಿ, ಅದನ್ನು 4 ಡಿಗ್ರಿಗೆ ಇಳಿಸುತ್ತಾರೆ. ಆಮೇಲೆ ಟ್ಯಾಂಕರಿಗೆ ತುಂಬಿ ಕಳಿಸುತ್ತಾರೆ. ಆ ಟ್ಯಾಂಕರಿನ ಮೇಲೆ ತಂಪಿನ ಯಂತ್ರವನ್ನು ಯಾರಾದರೂ ನೋಡಿದ್ದೀರಾ? ಅದಕ್ಕೆ ಎರಡು ಪದರದ ಮೈ, ನಡುವೆ ಶಾಖ ತಡೆಯುವ ಹೊದಿಕೆ, ಅಷ್ಟೇ. 10,000 ಲೀಟರ್ ಹಾಲು ಒಂದು ಡಿಗ್ರಿ ಏರಲು 40 ಮೆಗಾಜೂಲ್ ಬೇಕು. ಹತ್ತು ಗಂಟೆಯ ದಾರಿಯಲ್ಲಿ ಒಳ್ಳೆಯ ಹೊದಿಕೆಯೊಳಗೆ ನುಸುಳುವುದು ಅದರ ಮೂರನೇ ಒಂದು ಭಾಗ. ಹೊದಿಕೆ ಹಳತಾಗಿದ್ದರೂ ಒಂದೆರಡು ಡಿಗ್ರಿಗಿಂತ ಹೆಚ್ಚು ಏರದು. ಹಾಲೇ ತನ್ನ ತಂಪಿನ ಗಂಟನ್ನು ಹೊತ್ತು ಹೋಗುತ್ತದೆ. ನಂದಿನಿಯ ಪ್ಯಾಕೆಟ್ಟನ್ನು ಬೆಳಿಗ್ಗೆ ಕತ್ತರಿಸುವಾಗ ಇದು ನೆನಪಿರಲಿ: ಆಹಾರವನ್ನು ವಿದ್ಯುತ್ತಿನಿಂದ ತಂಪು ಮಾಡಿ ರಸ್ತೆಯಲ್ಲಿ ಸಾಗಿಸುವುದನ್ನು ಕರ್ನಾಟಕದ ಹಳ್ಳಿಗಳು ಎಂದೋ ಕಲಿತಿವೆ. ಟ್ಯಾಂಕರಿನಲ್ಲಿ ಕರೆಂಟು ಕಾಣುವುದಿಲ್ಲ, ಅಷ್ಟೇ.

ಎರಡನೆಯ ಉದಾಹರಣೆ ಮಲ್ಪೆಯದು. ಬಂದರಿನ ಸುತ್ತ ಐಸ್ ಪ್ಲಾಂಟುಗಳಿವೆ. ಅಮೋನಿಯಾ ಕಂಪ್ರೆಸರುಗಳು ಹಗಲೂ ರಾತ್ರಿ ತಿರುಗಿ ನೀರನ್ನು ದಿಮ್ಮಿ ದಿಮ್ಮಿ ಮಂಜುಗಡ್ಡೆ ಮಾಡುತ್ತವೆ. ಅದನ್ನು ಪುಡಿ ಮಾಡಿ ಬಂಗುಡೆ, ಬೂತಾಯಿಯ ಮೇಲೆ ಸುರಿದು ಲಾರಿ ಹತ್ತಿಸುತ್ತಾರೆ. ಒಂದು ಟನ್ ಮಂಜುಗಡ್ಡೆ ಕರಗುವಾಗ 93 ಯೂನಿಟ್ ಶಾಖ ಹೀರುತ್ತದೆ. ಅಂದರೆ ಮೀನಿನ ಲಾರಿಯಲ್ಲಿ ಹೋಗುತ್ತಿರುವುದು ಹೆಪ್ಪುಗಟ್ಟಿದ ಕರೆಂಟು. ಒದ್ದೆ ಐಸು ಮೀನಿಗೆ ಅಂಟಿಕೊಂಡಿರುವುದರಿಂದ ಗಾಳಿಯ ಯಂತ್ರಕ್ಕಿಂತ ಚೆನ್ನಾಗಿ ತಂಪು ಮುಟ್ಟಿಸುತ್ತದೆ, ಮೀನು ಒಣಗುವುದೂ ಇಲ್ಲ. ತೊಂದರೆ ಎಂದರೆ ಅದು ಕರಗಿ ಹೆದ್ದಾರಿಯ ಮೇಲೆ ಸುರಿಯುವ ನೀರು. ಮೀನಿನ ಲಾರಿಯ ಹಿಂದೆ ಬೈಕು ಓಡಿಸಿದ ಕರಾವಳಿಯವರಿಗೆ ಆ ನೀರಿನ ಬಗ್ಗೆ ನಾನು ಹೇಳಬೇಕಾದ್ದಿಲ್ಲ.

ಕರಗಿದರೂ ಸೋರದ ಐಸು ಇದ್ದರೆ? ಅದಿದೆ. ಹಳೇ ಕಾಲದ ಕುಲ್ಫಿ ಮಾರುವವನು ಗಡಿಗೆಯಲ್ಲಿ ಐಸಿನ ಜೊತೆ ಉಪ್ಪು ಯಾಕೆ ಹಾಕುತ್ತಿದ್ದ? ಬರೀ ಐಸು ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಕುಲ್ಫಿಗೆ ಅದು ಸಾಲದು. ನೂರಕ್ಕೆ 23ರಷ್ಟು ಉಪ್ಪು ಬೆರೆತ ನೀರು ಮೈನಸ್ 21 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಅಲ್ಲೇ ಕರಗುತ್ತದೆ. ಈ ಉಪ್ಪುನೀರಿನ ಬಗೆಬಗೆಯ ಪಾಕಗಳನ್ನು ತೆಳ್ಳನೆಯ ಲೋಹದ ತಟ್ಟೆಗಳೊಳಗೆ ಶಾಶ್ವತವಾಗಿ ಮುಚ್ಚಿ, ಆ ತಟ್ಟೆಗಳನ್ನು ಪೆಟ್ಟಿಗೆಯ ಗೋಡೆಗೆ, ಮಾಳಿಗೆಗೆ ಬಿಗಿಯುತ್ತಾರೆ. ಯುಟೆಕ್ಟಿಕ್ ಪ್ಲೇಟ್ ಎಂದು ಅದರ ಹೆಸರು. ನಮ್ಮ ಐಸ್‌ಕ್ರೀಮ್ ಗಾಡಿಗಳಲ್ಲಿ ಬಹಳಷ್ಟು ಇದರ ಮೇಲೇ ಓಡುತ್ತವೆ. ರಾತ್ರಿ ಡಿಪೋದಲ್ಲಿ ಪ್ಲಗ್ಗಿಗೆ ಹಾಕಿದರೆ ತಟ್ಟೆಗಳು ಹೆಪ್ಪುಗಟ್ಟುತ್ತವೆ. ಬೆಳಿಗ್ಗೆ ವೈರು ಕಿತ್ತು ಹೊರಟರೆ ಸಂಜೆಯವರೆಗೆ ಯಂತ್ರವೇ ಬೇಡ.

ನನಗೆ ಈ ತಟ್ಟೆಯ ಮೇಲೆ ಸ್ವಲ್ಪ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ಬ್ಯಾಟರಿ ಗೆಲ್ಲುತ್ತದೆ: ಒಂದು ಕಿಲೋ ಬ್ಯಾಟರಿ ಕೊಡುವ ತಂಪಿಗೆ ಮೂರು ನಾಲ್ಕು ಕಿಲೋ ತಟ್ಟೆ ಬೇಕು. ಒಂದು ತಟ್ಟೆಗೆ ಒಂದೇ ಉಷ್ಣತೆ, ಐಸ್‌ಕ್ರೀಮಿನ ಗಾಡಿಯಲ್ಲಿ ಸೊಪ್ಪು ಹಾಕಿದರೆ ಸೊಪ್ಪು ಗಾಜಾಗುತ್ತದೆ. ಆದರೂ ನನ್ನ ಓಟು ತಟ್ಟೆಗೆ. ಯಾಕೆಂದರೆ ಅದಕ್ಕೆ ಸ್ವಿಚ್ಚಿಲ್ಲ. ಹುಬ್ಬಳ್ಳಿಯ ದಾರಿಯ ನನ್ನ ಡ್ರೈವರನಿಗೆ ಶಿರಾ ದಾಟಿದ ಮೇಲೆ ಆಫ್ ಮಾಡಲು ಏನೂ ಇರುತ್ತಿರಲಿಲ್ಲ. ಅವನ ಬಾಟಾ ಅವನಿಗೆ, ಬೆಣ್ಣೆಯ ತಂಪು ಬೆಣ್ಣೆಗೆ.

ಡ್ರೈವರನ ಮಾತು ಬಂದಾಗ ಇನ್ನೊಂದು. ದಶಕಗಳ ಕಾಲ ಈ ಗಾಡಿಗಳಲ್ಲಿ ಹಿಂದೆ ಬೆಣ್ಣೆ ತಣ್ಣಗೆ ಮಲಗಿರುತ್ತಿತ್ತು, ಮುಂದೆ ಮನುಷ್ಯ ಎಂಜಿನ್ನಿನ ಕಾವಿನಲ್ಲಿ ಬೇಯುತ್ತಿದ್ದ. ಲಾರಿಯ ಕ್ಯಾಬಿನ್ನಿಗೆ ಎಸಿ ಕಡ್ಡಾಯವೆಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 2023ರ ಡಿಸೆಂಬರಿನಲ್ಲಿ; ಅದು ಅನ್ವಯಿಸುವುದು 2025ರ ಅಕ್ಟೋಬರ್ 1ರಿಂದ ತಯಾರಾಗುವ ಗಾಡಿಗಳಿಗೆ.

ಬ್ಯಾಟರಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಊರೊಳಗೆ ಅಂಗಡಿಯಿಂದ ಅಂಗಡಿಗೆ ಸುತ್ತುವ ಗಾಡಿ ದಿನಕ್ಕೆ ಮೂವತ್ತು ಸಲ ಬಾಗಿಲು ತೆರೆಯುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಪ್ರತಿ ಸಲವೂ ಒದ್ದೆ ಗಾಳಿ ಒಳನುಗ್ಗಿ ಯಂತ್ರದ ತಣ್ಣನೆಯ ಕೊಳವೆ ಸುರುಳಿಯ ಮೇಲೆ ಹಿಮವಾಗಿ ಕೂರುತ್ತದೆ. ಅಲ್ಲಿ ಕೂಡಲೇ ಜೋರು ಮಾಡಬಲ್ಲ ವಿದ್ಯುತ್ ಕಂಪ್ರೆಸರ್ ಬೇಕು. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಕೊಟ್ಟಿರುತ್ತಾರೆ. ಲೋಡು ಇಳಿಸಲು ಅಡ್ಡಿ ಎಂದು ಹುಡುಗರು ಅದನ್ನು ಮೇಲೆತ್ತಿ ಹಗ್ಗದಲ್ಲಿ ಕಟ್ಟಿಬಿಟ್ಟಿರುತ್ತಾರೆ. ಅಗ್ಗದ ಆ ಪರದೆಯನ್ನು ಬಿಚ್ಚಿ ಇಳಿಬಿಟ್ಟರೆ ದುಬಾರಿ ಬ್ಯಾಟರಿಯ ಒಂದಂಶವಾದರೂ ಉಳಿಯುತ್ತದೆ. ಇನ್ನು ಬೆಂಗಳೂರಿನಿಂದ ದೆಹಲಿಗೆ ಎರಡು ಸಾವಿರ ಚಿಲ್ಲರೆ ಕಿಲೋಮೀಟರಿನ ದಾರಿ. ಅಲ್ಲಿ ಸದ್ಯಕ್ಕೆ ತಟ್ಟೆಯೂ ಸಾಲದು, ಬ್ಯಾಟರಿಯೊಂದೇ ಸಾಲದು. ಗಾಲಿಯ ಅಚ್ಚಿನಿಂದ ಕರೆಂಟು ಎತ್ತುವ ಜನರೇಟರುಗಳನ್ನು ಯುರೋಪಿನಲ್ಲಿ ಟ್ರೈಲರುಗಳಿಗೆ ಜೋಡಿಸುತ್ತಿದ್ದಾರೆ, ಇಳಿಜಾರಿನಲ್ಲಿ ಬ್ರೇಕಿಗೆ ಹೋಗುವ ಶಕ್ತಿ ತಂಪಿಗೆ ಬರುತ್ತದೆ. ಹೆದ್ದಾರಿಯ ಡಾಬಾಗಳಲ್ಲಿ ಪ್ಲಗ್ಗು ಬರುವ ತನಕ ದೂರದ ದಾರಿಯನ್ನು ಡೀಸೆಲ್ಲಿಗೇ ಬಿಡುವುದು ಪ್ರಾಮಾಣಿಕತೆ.

ಡೀಸೆಲ್ಲಿನ ಮೇಲೆ ನನಗೇನು ಸಿಟ್ಟು ಎಂದು ಕೇಳಬಹುದು. ದೊಡ್ಡ ಟ್ರೈಲರಿನ ತಂಪಿನ ಎಂಜಿನ್ ಗಂಟೆಗೆ 2ರಿಂದ 4 ಲೀಟರ್ ಕುಡಿಯುತ್ತದೆ, ಗಾಡಿ ನಿಂತಾಗಲೂ ಕುಡಿಯುತ್ತದೆ. ಲಾರಿಯ ಮುಖ್ಯ ಎಂಜಿನ್ನಿಗೆ ಹೊಗೆಯ ನಿಯಮ ಬಿಗಿಯಾಗುತ್ತಾ ಹೋದರೂ ತಲೆಯ ಮೇಲಿನ ಈ ಪುಟ್ಟ ಎಂಜಿನ್ ಸಡಿಲ ನಿಯಮಗಳ ಸಂದಿಯಲ್ಲಿ ನುಸುಳಿಕೊಂಡಿತು. ಬ್ರಿಟನ್ನಿನಲ್ಲಿ ಇದಕ್ಕೆ ತೆರಿಗೆ ರಿಯಾಯಿತಿಯ ಕೆಂಪು ಬಣ್ಣದ ಡೀಸೆಲ್ಲನ್ನೇ ಹಾಕಬಹುದಿತ್ತು. ಆ ರಿಯಾಯಿತಿ ನಿಂತದ್ದು 2022ರ ಏಪ್ರಿಲಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಗೋದಾಮುಗಳ ಪಕ್ಕದ ಬೀದಿಗಳಲ್ಲಿ ವಾಸಿಸುವವರ ಶ್ವಾಸಕೋಶದ ಪ್ರಶ್ನೆಯಾಗಿ ಇದು ಮೇಲೆದ್ದಿತು. 2022ರಲ್ಲಿ ಅಲ್ಲಿನ ವಾಯು ಮಂಡಳಿ ಲಾರಿಗಳ ತಂಪಿನ ಯಂತ್ರಗಳನ್ನು ವರ್ಷಕ್ಕೆ ನೂರಕ್ಕೆ 15ರಂತೆ ಹೊಗೆಯಿಲ್ಲದವಾಗಿ ಬದಲಿಸಿ 2029ರ ಕೊನೆಗೆ ಮುಗಿಸಬೇಕೆಂದು ನಿಯಮ ಬರೆಯಿತು. ಅಮೆರಿಕದ ಕೇಂದ್ರ ಸರ್ಕಾರದ ಒಪ್ಪಿಗೆಯ ತೊಡಕಿನಲ್ಲಿ ಜಾರಿ ಸಿಕ್ಕಿಹಾಕಿಕೊಂಡಿತು. ಜೋನ್ಸನ ನಾಡಿನಲ್ಲೇ ಜೋನ್ಸನ ಎಂಜಿನ್ನನ್ನು ಇಳಿಸುವುದು ಸುಲಭವಾಗಿಲ್ಲ.

ಹೊಗೆಯಷ್ಟೇ ಮುಖ್ಯವಾದ, ಕಣ್ಣಿಗೆ ಕಾಣದ ಒಂದು ಸೋರಿಕೆಯೂ ಇದೆ. ಬೆಲ್ಟಿನಿಂದ ತಿರುಗುವ ಕಂಪ್ರೆಸರಿನ ದಂಡ ಹೊರಗೆ ಚಾಚಿರುತ್ತದೆ, ಆ ಸಂದಿಯಿಂದ ಅನಿಲ ಮೆಲ್ಲಗೆ ಸೋರುತ್ತಲೇ ಇರುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಆರ್-404ಎ ಅನಿಲ ಕಾರ್ಬನ್ ಡೈ ಆಕ್ಸೈಡಿಗಿಂತ 3,900 ಪಟ್ಟು ಭೂಮಿಯನ್ನು ಬಿಸಿ ಮಾಡುವಂಥದು. ವಿದ್ಯುತ್ ಕಂಪ್ರೆಸರಿನಲ್ಲಿ ಮೋಟರೂ ಒಳಗೇ, ಮನೆಯ ಫ್ರಿಜ್ಜಿನಂತೆ ಬೆಸೆದು ಮುಚ್ಚಿದ ಡಬ್ಬಿ. ಸೋರುವ ಆ ಸಂದಿಯೇ ಇಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಶೀತಲ ಸರಪಳಿ ಅಭಿವೃದ್ಧಿಯ ರಾಷ್ಟ್ರೀಯ ಕೇಂದ್ರಕ್ಕಾಗಿ 2015ರಲ್ಲಿ ಒಂದು ಸಮೀಕ್ಷೆ ನಡೆಯಿತು. ದೇಶಕ್ಕೆ 61,826 ರೀಫರ್ ಗಾಡಿಗಳು ಬೇಕು, ಇರುವುದು 9,000 ಎಂದು ಅದು ಹೇಳಿತು. ಪತ್ರಿಕೆಗಳು, ಭಾಷಣಗಳು ಎಲ್ಲ ಈ ಅಂಕಿಯನ್ನೇ ಹಿಡಿದುಕೊಂಡವು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ಹೊಲದ ಅಂಚಿನಲ್ಲಿ ಸರಕನ್ನು ಆರಿಸಿ, ತೊಳೆದು, ಲಾರಿ ಹತ್ತುವ ಮುನ್ನ ತಂಪು ಮಾಡುವ ಪ್ಯಾಕ್ ಹೌಸುಗಳು ಬೇಕಾದದ್ದು 70,080. ಇದ್ದದ್ದು 249. ಗಾಡಿಗಳ ಕೊರತೆ ಏಳು ಪಟ್ಟಿನದು, ಪ್ಯಾಕ್ ಹೌಸಿನ ಕೊರತೆ ಇನ್ನೂರೆಂಬತ್ತು ಪಟ್ಟಿನದು. ನನ್ನ ಬೀನ್ಸಿನ ಲೆಕ್ಕದ 122 ಯೂನಿಟ್ಟನ್ನು ಯಾರು ತೆಗೆಯಬೇಕು ಎಂಬುದಕ್ಕೆ ಉತ್ತರವೇ ಇಲ್ಲದ ದೇಶದಲ್ಲಿ ಗಾಡಿಗಳನ್ನಷ್ಟೇ ಹೆಚ್ಚಿಸಿದರೆ, ಬಿಸಿ ತರಕಾರಿಯನ್ನು ದುಬಾರಿ ಪೆಟ್ಟಿಗೆಯಲ್ಲಿ ಬೇಯಿಸಿದಂತಾಗುತ್ತದೆ. 2024ರಲ್ಲಿ ಘೋಷಿಸಿದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಎಲೆಕ್ಟ್ರಿಕ್ ಲಾರಿಗಳಿಗೆಂದು 500 ಕೋಟಿ ರೂಪಾಯಿ ಇಟ್ಟರು. ಒಳ್ಳೆಯದು. ಆದರೆ ಆ ಲಾರಿ ಹೋಗಿ ನಿಲ್ಲುವ ಜಾಗಕ್ಕೆ ಕರೆಂಟು?

ಎಲ್ಲವನ್ನೂ ಒಂದೇ ತಂಪಿಗೆ ತರಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೋಲಾರದ ಟೊಮೆಟೊವನ್ನು 10 ಡಿಗ್ರಿಗಿಂತ ಕೆಳಗೆ ಬಹುಕಾಲ ಇಟ್ಟರೆ ಚಳಿಗೆ ಕಲೆ ಬಿದ್ದು ಹಣ್ಣಾಗುವುದೇ ನಿಲ್ಲುತ್ತದೆ. ಬಾಳೆಗೆ 13 ಡಿಗ್ರಿ ಬೇಕು, ಇನ್ನೂ ತಣ್ಣಗೆ ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ. ಉಷ್ಣ ನಾಡಿನ ಬೆಳೆಗಳಿಗೆ ಉಷ್ಣ ನಾಡಿನ ತಂಪು ಸಾಕು. ಮೈನಸ್ 18ರ ಐಸ್‌ಕ್ರೀಮಿಗೆ ಬೇಕಾದ ಕರೆಂಟಿನ ಸಣ್ಣ ಪಾಲು ಇದಕ್ಕೆ ಸಾಲುತ್ತದೆ. ನಮ್ಮ ಪಾಲಿಗೆ ಬಂದಿರುವ ಈ ಅನುಕೂಲವನ್ನು ನಾವು ಎಣಿಸಿಯೇ ಇಲ್ಲ.

ಕೋಲಾರ ಎಂದಾಗ ನನಗೆ ಒಂದು ವಿಷಯ ಚುಚ್ಚುತ್ತದೆ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ನೂರಿಪ್ಪತ್ತು ವರ್ಷ ಕಳೆದರೂ ಅದೇ ಜಿಲ್ಲೆಯ ತೋಟದ ಅಂಚಿನಲ್ಲಿ ರೈತ ಕೇಳುವ ಪ್ರಶ್ನೆ, "ತ್ರೀ ಫೇಸ್ ಎಷ್ಟೊತ್ತಿಗೆ ಬರುತ್ತೆ?" ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ನಮ್ಮ ರಾಜ್ಯದ ಲೆಕ್ಕ. ಆ ಸಾಲಿನ ಮೇಲೇ ತಂಪಿನ ಕೋಣೆ ಕಟ್ಟಿದರೆ ಉಳಿದ 17 ಗಂಟೆ ಅದು ಬರೀ ಕೋಣೆ. ಹೀಗಿರುವಾಗ ಮತ್ತೆ ಇಡುಗಂಟೇ ದಾರಿ: ಕರೆಂಟು ಬಂದಾಗ ನೀರನ್ನು ಐಸು ಮಾಡಿಟ್ಟುಕೊಂಡು, ಸಂಜೆ ಕೊಯ್ಲು ಬಂದಾಗ ಆ ಐಸಿನ ತಂಪನ್ನು ಗಾಳಿಯಲ್ಲಿ ಕ್ರೇಟುಗಳ ಒಳಗೆ ಹಾಯಿಸುವುದು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಕಟ್ಟಿದ ರಾಜ್ಯ ಇದು. ಮಟಮಟ ಮಧ್ಯಾಹ್ನ ತಯಾರಾಗುವ ಕರೆಂಟನ್ನು ಕೂಡಿಡಲು ಐಸಿಗಿಂತ ಅಗ್ಗದ ಡಬ್ಬಿ ನನಗಂತೂ ಗೊತ್ತಿಲ್ಲ.

ಲಾರಿಗೆ ಕೇಳುವುದು ಇನ್ನೂ ಕಡಿಮೆ. ಎಪಿಎಂಸಿ ಯಾರ್ಡಿನಲ್ಲಿ, ಡಿಪೋದಲ್ಲಿ, ಲೋಡು ಹತ್ತುವ ಕಟ್ಟೆಯ ಪಕ್ಕ ಒಂದು 32 ಆಂಪಿಯರಿನ ತ್ರೀ ಫೇಸ್ ಪ್ಲಗ್ಗು, ಮಳೆ ಬೀಳದಂತೆ ಒಂದು ಗೂಡು, ಯೂನಿಟ್ ಎಣಿಸಲು ಒಂದು ಮೀಟರು. ಹಲವು ರೀಫರ್ ಯಂತ್ರಗಳಿಗೆ ನಿಂತಾಗ ಕರೆಂಟಿನಲ್ಲಿ ಓಡುವ ಸೌಲಭ್ಯ ಈಗಲೇ ಇದೆ, ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಎಷ್ಟೋ ಗಾಡಿಗಳಲ್ಲಿ ಆ ವೈರಿನ ಸುರುಳಿ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಚೀಲದಲ್ಲೇ ಇರುವುದನ್ನು ನಾನು ಕಂಡಿದ್ದೇನೆ. ಚುಚ್ಚಲು ಗೋಡೆಯಲ್ಲಿ ತೂತೇ ಇಲ್ಲದಿದ್ದರೆ ಅವರು ತಾನೇ ಏನು ಮಾಡಬೇಕು?

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ಒಂದು ಐಸ್‌ಕ್ರೀಮ್ ಡಿಪೋದ ಮುಂದೆ ರಾತ್ರಿ ಹತ್ತಕ್ಕೆ ನಿಂತಿದ್ದೆ. ಒಳಗೆ ಐದಾರು ಗಾಡಿಗಳು ಗೋಡೆಗೆ ಬೆನ್ನು ಮಾಡಿ ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಹೊಟ್ಟೆಯಿಂದಲೂ ಒಂದು ದಪ್ಪ ಕಪ್ಪು ವೈರು ಗೋಡೆಗೆ. ಗೋದಲಿಗೆ ಕಟ್ಟಿದ ದನಗಳ ಹಾಗೆ. ಕಾವಲಿನ ಅಜ್ಜನನ್ನು ಮಾತಿಗೆಳೆದೆ. "ಕರೆಂಟು ಹೋದ್ರೆ ಏನ್ ಮಾಡ್ತೀರಿ ಅಜ್ಜಾ?" "ಸಾಹೇಬ್ರಿಗೆ ಫೋನ್ ಹಚ್ಚು ಅಂದಾರ್ರೀ. ಹಚ್ಚತೀನಿ. ಅವ್ರು ಬರೋದ್ರಾಗ ಕರೆಂಟ್ ಬಂದಿರ್ತೈತಿ." "ಅಷ್ಟರಲ್ಲಿ ಒಳಗಿಂದು ಕರಗಲ್ವಾ?" ಅಜ್ಜ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಅದು ಹೆಂಗ್ ಕರಗತೈತ್ರೀ? ನಿನ್ನಿ ರಾತ್ರೀದು ಇನ್ನಾ ಮುಗದಿಲ್ಲ" ಎಂದು ಹತ್ತಿರದ ಗಾಡಿಯ ಗೋಡೆಗೆ ಅಂಗೈ ಇಟ್ಟು ತೋರಿಸಿದ. ನಾನೂ ಇಟ್ಟೆ. ಹೊರಗೋಡೆ ಹುಬ್ಬಳ್ಳಿಯ ಬೇಸಿಗೆಯಷ್ಟೇ ಬೆಚ್ಚಗಿತ್ತು.